ಸುಣ್ಣದ ಗೋಡೆಯ ಹದಿನಾಲ್ಕು ಜನ

ಐವತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಮದ್ರಾಸಿನ ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಕೆಲಸ ಸಂಜೆ ಆರಕ್ಕೆ ಶುರು. ಇರಲು ತ್ರಿಪ್ಲಿಕೇನಿನ ಲಾಡ್ಜೊಂದರಲ್ಲಿ ಕೋಣೆ, ಭಾನುವಾರದ ಊಟಕ್ಕೆ ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಅಕ್ಕನ ಮನೆ. ಅಂಥ ಒಂದು ಭಾನುವಾರ ಭಾವ ಊಟ ಮುಗಿಸಿ ಮಲಗಿದ್ದಾಗ ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು. ಕೈಯಲ್ಲಿ ತೊಳೆಯಬೇಕಾದ ಪಾತ್ರೆ ಇತ್ತು, ತೊಳೆಯಲಿಲ್ಲ.

"ಇವರ ಕಣ್ಣು ಸರಿ ಇಲ್ಲ ಕಣೋ" ಅಂದಳು.

"ಕನ್ನಡಕ ಮಾಡಿಸಲಿ."

"ಅದಲ್ಲ. ಹಗಲು ಏನೂ ಇಲ್ಲ. ಅಕ್ಕಿಯಲ್ಲಿ ಒಂದು ಕಲ್ಲಿದ್ರೂ ನನಗಿಂತ ಮೊದ್ಲು ಹೇಳ್ತಾರೆ. ದೀಪ ಹಚ್ಚೋ ಹೊತ್ತಿಗೆ ಬೇರೆ ಮನುಷ್ಯ ಆಗಿಬಿಡ್ತಾರೆ."

ಆ ವಾರದಲ್ಲೇ ನಡೆದ ಒಂದು ಸಂಗತಿಯನ್ನು ಹೇಳಿದಳು. ಸಂಜೆ ಕರೆಂಟು ಹೋಗಿತ್ತು. ಭಾವ ಮಗಳನ್ನು ಲೆಕ್ಕದ ಪಾಠ ಕೇಳುತ್ತಿದ್ದರು. ಐದಾರು ಪ್ರಶ್ನೆ ಕೇಳಿದ ಮೇಲೆ ಹುಡುಗಿ ಹಿಂದಿನಿಂದ, "ಅಪ್ಪಾ, ನಾನ್ ಇಂಗೆ ಇರುಕ್ಕೇನ್" ಅಂದಳಂತೆ, ನಾನು ಇಲ್ಲಿದ್ದೀನಿ ಅಂತ. ತಮಿಳು ಶಾಲೆಗೆ ಹೋಗುವ ಮಕ್ಕಳು. ಕನ್ನಡದಲ್ಲಿ ಕೇಳಿದರೂ ತಮಿಳಿನಲ್ಲೇ ಉತ್ತರ. ಭಾವ ಅಷ್ಟು ಹೊತ್ತೂ ಗೋಡೆಗೆ ತೂಗುಹಾಕಿದ್ದ ತಮ್ಮದೇ ಅಂಗಿಯ ಕಡೆ ತಿರುಗಿ ಮಾತಾಡಿದ್ದರು.

ಮುಂದಿನ ತಿಂಗಳು ರೈಲ್ವೆ ಆಸ್ಪತ್ರೆಯಲ್ಲಿ ಅವರ ಕಣ್ಣಿನ ಪರೀಕ್ಷೆ ಇತ್ತು. ಹಳಿಗಳ ನಡುವೆ ಕೆಲಸ ಮಾಡುವವರೆಲ್ಲ ಕೆಲವು ವರ್ಷಕ್ಕೊಮ್ಮೆ ಕೊಡಬೇಕಾದ ಪರೀಕ್ಷೆ. ಭಾವ ಟ್ರೇನ್ ಲೈಟಿಂಗ್ ವಿಭಾಗದವರು. ಬೋಗಿಗಳ ದೀಪ, ಬ್ಯಾಟರಿ, ಡೈನಮೋ ಅವರ ಕೆಲಸ. ಹತ್ತೊಂಬತ್ತನೇ ವಯಸ್ಸಿಗೆ ಸೇರಿದವರು, ಬೇರೆ ಏನನ್ನೂ ಮಾಡಿದವರಲ್ಲ, ಬೇರೆ ಏನನ್ನೂ ಮಾತಾಡುತ್ತಲೂ ಇರಲಿಲ್ಲ. ಪರೀಕ್ಷೆಯಲ್ಲಿ ಬಿದ್ದರೆ ಆ ಕೆಲಸದಿಂದ ತೆಗೆದು ಎಲ್ಲೋ ಒಂದು ಮೂಲೆಯಲ್ಲಿ ಕೂರಿಸುತ್ತಾರೆ.

"ಫೇಲಾದ್ರೆ ಇವರು ಮಂಕಾಗಿ ಹೋಗ್ತಾರೆ" ಅಂದಳು ಅಕ್ಕ. "ಪಾಸಾದ್ರೆ ಮತ್ತೆ ಕತ್ತಲಲ್ಲಿ ಆ ಯಾರ್ಡಿಗೆ ಹೋಗ್ತಾರೆ."

ಅವಳ ಕೋರಿಕೆ ಸಣ್ಣದು. ಭಾವ ರಜೆ ಹಾಕಿ ತ್ರಿಪ್ಲಿಕೇನಿನಲ್ಲಿ ಒಂದು ಹಳೇ ಹಾಲ್‌ಗೆ ದೀಪ ಜೋಡಿಸುವ ಕೆಲಸ ಒಪ್ಪಿಕೊಂಡಿದ್ದರು. ನನ್ನ ಲಾಡ್ಜಿನಿಂದ ಎರಡು ಬೀದಿ ಆಚೆ. ಮಧ್ಯಾಹ್ನ ನನಗೆ ಬಿಡುವು. ಹೋಗಿ ನೋಡಿಕೊಂಡು ಬರಬೇಕು.

"ನೀನು ಪೇಪರಿನವನು. ಸಮಾಧಾನದ ಮಾತು ಬೇಡ. ನೋಡಿದ್ದನ್ನು ನೋಡಿದ ಹಾಗೇ ಹೇಳು."

ಒಪ್ಪಿಕೊಂಡೆ. ಮರುದಿನದಿಂದಲೇ ಹೋದೆ.

ಹಾಲ್ ಇದ್ದದ್ದು ನವಾಬರ ಕಾಲದ ಒಂದು ದೊಡ್ಡ ಮನೆಯ ಹಿಂಭಾಗದಲ್ಲಿ. ಮುಂಭಾಗ ಬಿದ್ದುಹೋಗಿ ಅಲ್ಲಿ ಅಂಗಡಿಗಳು ಎದ್ದಿದ್ದವು. ಎರಡು ಅಂಗಡಿಗಳ ನಡುವಿನ ಓಣಿಯಲ್ಲಿ ಹೋದರೆ ಒಂದು ಅಂಗಳ, ಅಂಗಳದ ಆಚೆ ಹಾಲ್. ಉದ್ದನೆಯ ಕೋಣೆ, ಎತ್ತರದ ಮಾಡು, ಒಂದು ಕಡೆ ಏಳು ಕಿಟಕಿ. ಎದುರು ಗೋಡೆಯಲ್ಲಿ ಕಿಟಕಿ ಬಾಗಿಲು ಏನೂ ಇಲ್ಲ, ಈ ತುದಿಯಿಂದ ಆ ತುದಿಯವರೆಗೆ ಬರಿಯ ಗೋಡೆ. ಬಾಗಿಲೊಂದು ಎಡತುದಿಯಲ್ಲಿ. ಈ ಹಾಲ್ ಗೇಣಿಗೆ ಹಿಡಿದವರು ಕುಂದಾಪುರದ ಕಡೆಯ ಹೋಟೆಲ್ ಮಾಲೀಕರು. ಬೀದಿ ಬದಿಯಲ್ಲಿ ಅವರಿಗೆ ಒಂದು ಸಸ್ಯಾಹಾರಿ ಹೋಟೆಲ್ ಇತ್ತು. ಹಾಲನ್ನು ಹಿಂದೆ ಇದ್ದ ಹಾಗೆಯೇ ಸರಿಮಾಡಿಸಿ, ಸಂಸಾರಸ್ಥರು ಕೂತು ಎಲೆಯೂಟ ಮಾಡುವ ಜಾಗ ಮಾಡಬೇಕೆಂದು ಅವರ ಆಸೆ. ಬಣ್ಣ ಬಳಿಸಿ ಟೇಬಲ್ ಹಾಕಿದ್ದರೆ ಹದಿನೈದು ದಿನದ ಕೆಲಸ. ಅವರು ಒಂದು ವರ್ಷ ಹಿಡಿದಿದ್ದರು.

ಬಹುಪಾಲು ಸಮಯ ಹೋದದ್ದು ಗೋಡೆಗೆ. ಮದ್ರಾಸಿನ ಹಳೇ ಸುಣ್ಣದ ಕೆಲಸ ಬಲ್ಲ ಒಬ್ಬ ಮುದುಕ ಮೇಸ್ತ್ರಿಯನ್ನು ಹುಡುಕಿ ತಂದಿದ್ದರು. ಚಿಪ್ಪು ಸುಟ್ಟ ಸುಣ್ಣ, ಮೊಟ್ಟೆಯ ಬಿಳಿ, ಬೆಲ್ಲದ ನೀರು ಸೇರಿಸಿ ಅರೆದು, ಪದರದ ಮೇಲೆ ಪದರ ಬಳಿದು, ಕೊನೆಗೆ ನುಣುಪು ಕಲ್ಲಿನಿಂದ ದಿನಗಟ್ಟಲೆ ತಿಕ್ಕಿದ್ದ. ಗೋಡೆ ಅಮೃತಶಿಲೆಯ ಹಾಗೆ ಕಾಣುತ್ತಿತ್ತು. ಹತ್ತಿರ ಹೋದರೆ ನನ್ನ ಅಂಗಿಯ ಬಿಳುಪು ಅದರೊಳಗೆ ಮಸುಕಾಗಿ ಕಾಣುತ್ತಿತ್ತು; ಮುಖ ಕಾಣುತ್ತಿರಲಿಲ್ಲ.

ಭಾವನಿಗೆ ಈ ಕೆಲಸ ಸಿಕ್ಕಿದ್ದಕ್ಕೆ ಕಾರಣವಿತ್ತು. ದೊಡ್ಡ ಅಧಿಕಾರಿಗಳು ಪ್ರಯಾಣ ಮಾಡುವ ಸಲೂನ್ ಬೋಗಿಗಳಲ್ಲಿ ಅವರು ದೀಪ ಜೋಡಿಸುತ್ತಿದ್ದರು. ಅಲ್ಲಿ ಬಲ್ಬು ಕಣ್ಣಿಗೆ ಬೀಳಬಾರದು. ಮಾಡಿನ ಅಂಚಿನಲ್ಲಿ ಒಂದು ಮರದ ಪಟ್ಟಿ ಹೊಡೆದು, ಅದರ ಹಿಂದೆ ಸಣ್ಣ ಬಲ್ಬುಗಳ ಸಾಲು ಇಟ್ಟರೆ ಬೆಳಕು ಗೋಡೆಯನ್ನು ಸವರಿಕೊಂಡು ಕೆಳಗಿಳಿಯುತ್ತದೆ. ತೇಗದ ಹಲಗೆಯ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಮಾಲೀಕರಿಗೂ ಬಲ್ಬು ಕಾಣದ ಬೆಳಕೇ ಬೇಕಾಗಿತ್ತು. "ದೀಪ ಎಲ್ಲಿತ್ತ್ ಅಂದೇಳಿ ಗೊತ್ತಾಪ್ಕಾಗ, ಬೆಳಕ್ ಮಾತ್ರ ಇರ್ಕ್" ಅನ್ನುತ್ತಿದ್ದರು.

ಭಾವ ಎಲ್ಲವನ್ನೂ ಕಾಗದದ ಮೇಲೆ ಮಾಡಿದರು. ಕಿಟಕಿಯ ಪಕ್ಕ ಡ್ರಾಯಿಂಗ್ ಹಲಗೆ ಇಟ್ಟುಕೊಂಡು ಬಲ್ಬಿಗೂ ಗೋಡೆಗೂ ಎಷ್ಟು ಅಂತರ, ಬಲ್ಬಿಗೂ ಬಲ್ಬಿಗೂ ಎಷ್ಟು ಅಂತರ, ಎಲ್ಲ ಬರೆದರು. ಗೆರೆಗಳು ಕೂದಲಿನಷ್ಟು ತೆಳುವಾಗಿದ್ದವು. ಅದನ್ನು ನೋಡಿ, ಅಕ್ಕ ಹೇಳಿದ್ದರಲ್ಲಿ ಅರ್ಧ ಭಯ ಇರಬೇಕು ಅಂದುಕೊಂಡೆ. ಮೇಸ್ತ್ರಿ ಒಂದೆರಡು ಸಲ ತಮಿಳಿನಲ್ಲಿ ಹೇಳಿದ: ಸುಣ್ಣದ ಗೋಡೆಯನ್ನು ಕತ್ತಲೆ ಮಾಡಿ, ಕೈದೀಪ ಹಿಡಿದು ಉದ್ದಕ್ಕೂ ನಡೆದು ನೋಡಬೇಕು, ನಮ್ಮಲ್ಲಿ ಹಾಗೆ ನೋಡದೆ ಕೆಲಸ ಒಪ್ಪಿಸುವುದಿಲ್ಲ. ಕಿಟಕಿಯ ಬಾಗಿಲುಗಳು ಬಡಗಿಯ ಹತ್ತಿರ ಇದ್ದದ್ದರಿಂದ ಅಷ್ಟು ದಿನ ಹಾಲ್ ಕತ್ತಲಾಗುವಂತಿರಲಿಲ್ಲ. ಬಾಗಿಲು ಬಂದು ಕೂತ ಮೇಲೆ ಮೇಸ್ತ್ರಿ ಮತ್ತೆ ಕೇಳಿದ.

"ಲೆಕ್ಕ ಸರಿಯಾಗಿದ್ರೆ ಬೆಳಕೂ ಸರಿಯಾಗಿರುತ್ತೆ" ಅಂದರು ಭಾವ. "ಕೈದೀಪ ಯಾಕೆ?"

ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ವಾರ ಇಷ್ಟು ಬರೆದುಕೊಂಡಿದ್ದೆ: ಬಿಸಿಲಿನಿಂದ ಹಾಲ್ ಒಳಗೆ ಬಂದಾಗ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಹೆಜ್ಜೆ ಎಣಿಸುತ್ತಾರೆ, ತುಟಿ ಅಲ್ಲಾಡುತ್ತದೆ. ನಾಲ್ಕೂವರೆಗೆ ಹೊರಡುತ್ತಾರೆ, ಎಷ್ಟೇ ಕೆಲಸ ಉಳಿದಿದ್ದರೂ.

ಅಕ್ಕ ಮುಂದಿನ ಭಾನುವಾರ ಕೇಳಿದಳು, "ನೋಡಿದ್ಯಾ?" "ಕೆಲಸ ಚೆನ್ನಾಗಿ ನಡೀತಿದೆ" ಅಂದೆ. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ದೀಪ ಹಾಕಿ ನೋಡಿದ್ದು ಒಂದು ಗುರುವಾರ ಮಧ್ಯಾಹ್ನ. ಹೊರಗೆ ಸುಡುವ ಬಿಸಿಲು. ಇದ್ದದ್ದು ನಾಲ್ಕೇ ಜನ: ಮಾಲೀಕರು, ಮೇಸ್ತ್ರಿ, ಭಾವ, ನಾನು. ಮೇಸ್ತ್ರಿಯೂ ನಾನೂ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತ ಹೋದೆವು. ಏಳನೆಯದು ಮುಚ್ಚಿದಾಗ ಬೀದಿಯ ಸದ್ದೂ ನಿಂತ ಹಾಗಾಯಿತು. ಸ್ವಿಚ್ಚಿನ ಹಲಗೆ ಎಡತುದಿಯಲ್ಲಿ, ಬಾಗಿಲ ಹತ್ತಿರ. ಭಾವ ಅಲ್ಲಿ ನಿಂತಿದ್ದರು. ನಾವು ಮೂವರು ಹಾಲ್ ನಡುವೆ, ಗೋಡೆಗೆ ಎದುರಾಗಿ.

"ಹಾಕ್ತೀನಿ" ಅಂದರು ಭಾವ. ಸ್ವಿಚ್ಚು ಸದ್ದಾಯಿತು.

ಮುಂದಿನದನ್ನು ನಾನು ಕಂಡ ಕ್ರಮದಲ್ಲೇ ಬರೆಯುತ್ತೇನೆ.

ಮೊದಲು ಗೋಡೆಯ ಮೇಲ್ಭಾಗ ಬೆಳಗಿತು. ಮಂದ ಹಳದಿ ಬೆಳಕು, ನೀರು ಇಳಿದ ಹಾಗೆ ಇಳಿಯಿತು. ಮಾಲೀಕರು "ಹಾ" ಅಂದರು. ಮೆಚ್ಚಿಗೆಯ ದನಿ. ಆ ದನಿ ಅರ್ಧಕ್ಕೇ ನಿಂತಿತು. ಗೋಡೆಯ ಕೆಳಭಾಗದಲ್ಲಿ ಜನ ಕೂತಿದ್ದರು.

ನೆಲದ ಮೇಲೆ, ಬೆನ್ನನ್ನು ಗೋಡೆಗೆ ಕೊಟ್ಟು, ಸಾಲಾಗಿ. ತಲೆ, ಕತ್ತು, ಭುಜ, ಬೆನ್ನು. ಮುಖ ಇರಲಿಲ್ಲ, ಮೈ ಬೂದು ಬಣ್ಣದ್ದು. ಒಬ್ಬ ದಪ್ಪ, ಒಬ್ಬ ತೆಳು. ಒಂದು ಕಡೆ ಇಬ್ಬರ ನಡುವೆ ಒಂದು ಚಿಕ್ಕ ತಲೆ. ಬಲತುದಿಯ ಹತ್ತಿರ ಒಬ್ಬನ ತಲೆ ಪಕ್ಕದವನ ಕಡೆಗೆ ವಾಲಿತ್ತು, ಏನನ್ನೋ ಕೇಳಿಸಿಕೊಳ್ಳುವವನ ಹಾಗೆ.

ಗುಂಪು ಕಂಡರೆ ಎಣಿಸುವುದು ನನ್ನ ವೃತ್ತಿಯಿಂದ ಬಂದ ಅಭ್ಯಾಸ. ಬಲದಿಂದ ಎಡಕ್ಕೆ ಎಣಿಸಿದೆ. ಹದಿನೈದು. ಮಾಲೀಕರೂ ಎಣಿಸುತ್ತಿದ್ದರು, ಬಾಯಿಯೊಳಗೇ. "ಹದ್ನಾಕ್" ಎಂದು ಪಿಸುಗುಟ್ಟಿದರು. ನಾನು ಮತ್ತೆ ಎಣಿಸಿದೆ. ಹದಿನಾಲ್ಕು ಕೂತವರು, ಎಡತುದಿಯಲ್ಲಿ ಹದಿನೈದನೆಯದು ನಿಂತಿತ್ತು.

ಆ ನಿಂತದ್ದು ಚಲಿಸಿತು.

ಗೋಡೆಗೆ ಅಂಟಿಕೊಂಡೇ ನಮ್ಮ ಕಡೆಗೆ ಬರತೊಡಗಿತು. ಒಂದು ಕೈ ಮುಂದೆ, ಸೊಂಟದ ಎತ್ತರದಲ್ಲಿ, ಗೋಡೆಯ ಮೇಲೆ. ಮೊದಲನೆಯವನ ತಲೆ ಮುಟ್ಟಿತು, ಎರಡನೆಯವನದು, ಮೂರನೆಯವನದು. ಒಂದೊಂದು ತಲೆಯನ್ನೂ ಸವರಿಕೊಂಡು, ನಿಧಾನವಾಗಿ, ಎಣಿಸುವವರ ಹಾಗೆ ಬರುತ್ತಿತ್ತು. ಮಾಲೀಕರು ನನ್ನ ಮುಂಗೈ ಹಿಡಿದರು. ಆರನೆಯ ತಲೆಯ ಮೇಲೆ ಕೈ ನಿಂತಿತು.

"ಎಲ್ಲಿ ಹೋದ್ರಿ ಎಲ್ಲಾ?" ಎಂದಿತು ಅದು. ಭಾವನ ದನಿ.

ನಾವು ಯಾರೂ ಉತ್ತರ ಕೊಡಲಿಲ್ಲ. ಇದನ್ನು ನಾನು ನನ್ನ ಮೇಲಿನ ಆರೋಪವಾಗಿಯೇ ದಾಖಲಿಸುತ್ತೇನೆ. ದನಿ ಗುರುತು ಸಿಕ್ಕಿದ ಮೇಲೂ ಮೂರು ನಾಲ್ಕು ಉಸಿರಿನಷ್ಟು ಹೊತ್ತು ನನ್ನ ಬಾಯಿಂದ ಮಾತು ಬರಲಿಲ್ಲ. ಮೇಲಿನಿಂದ ನೇರ ಬೀಳುವ ಬೆಳಕಿನಲ್ಲಿ ಅವರಿಗೂ ಮುಖ ಇರಲಿಲ್ಲ. ಬೂದು ಅಂಗಿ ಬೇರೆ.

ಮೇಸ್ತ್ರಿ ಹೋಗಿ ಒಂದು ಕಿಟಕಿ ತಳ್ಳಿದ. ಬಿಸಿಲು ನುಗ್ಗಿತು. ಗೋಡೆ ಬಿಳಿ, ಖಾಲಿ. ಭಾವ ಅದರ ಮೇಲೆ ಅಂಗೈ ಊರಿಕೊಂಡು ನಿಂತಿದ್ದರು. ನಮ್ಮನ್ನು ಕಂಡು ನಕ್ಕರು.

"ಏನ್ರಪ್ಪ, ಹೇಗೆ ಬಂದಿದೆ?"

ಮಾಲೀಕರಿಗೆ ಮೊದಲು ಮಾತು ಬಂತು. ಹೆದರಿಕೆ ಆದಾಗ ತಮಾಷೆ ಮಾಡುವ ಸ್ವಭಾವ ಅವರದು. "ಹ್ವಾಯ್, ಬೆಳಕ್ ಅಡ್ಡಿಲ್ಲ ಮಾರಾಯ್ರೆ. ಗಿರಾಕಿಗಳು ನಮ್ಮಿಂದ ಮೊದ್ಲೇ ಬಂದ್ ಕೂತಿರ್. ಇವ್ರಿಗೂ ಎಲೆ ಹಾಕ್ಕಾ ಹ್ಯಾಂಗೆ?"

"ಯಾವ ಗಿರಾಕಿ?" ಅಂದರು ಭಾವ.

ಮೇಸ್ತ್ರಿಗೆ ವಿಷಯ ಅರ್ಥವಾಗಿತ್ತು. ಅವನು ಕೂತು, ಗೋಡೆಯ ಮೇಲೆ ಒಂದು ಕಡೆ ಬೆರಳಾಡಿಸಿ, ತಮಿಳಿನಲ್ಲಿ ವಿವರಿಸಿದ. ತಲೆಯೆಣ್ಣೆ. ಈ ಗೋಡೆಗೆ ಒರಗಿ ಜನ ಕೂತಿದ್ದಾರೆ, ನೂರು ವರ್ಷವೋ ಏನೋ, ದಿನವೂ ಅದೇ ಅದೇ ಜಾಗದಲ್ಲಿ. ತಲೆಯ ಎಣ್ಣೆ, ಬೆನ್ನಿನ ಬೆವರು ಇಟ್ಟಿಗೆಯವರೆಗೂ ಇಳಿದಿದೆ. ಕೆರೆದು ಮೂರು ಪದರ ಹಾಕಿದ್ದೇನೆ. ಎಣ್ಣೆ ಕುಡಿದ ಜಾಗದಲ್ಲಿ ಸುಣ್ಣ ಹೊಳಪು ಹಿಡಿಯುವುದಿಲ್ಲ. ಹಗಲು ಬೆಳಕಿನಲ್ಲಿ ವ್ಯತ್ಯಾಸ ಕಾಣದು. ಬೆಳಕು ಗೋಡೆಯನ್ನು ಸವರಿಕೊಂಡು ಇಳಿದರೆ ಎದ್ದು ಕಾಣುತ್ತದೆ.

ರೈಲು ಬೋಗಿಯವರಷ್ಟೇ ಮಾಡಬಹುದಾದ ತಪ್ಪು ಅದು. ಮರದ ಮೈಯಲ್ಲಿರುವುದನ್ನೆಲ್ಲ ಎತ್ತಿ ತೋರಿಸುವ ಬೆಳಕನ್ನು ತಂದು, ಏನನ್ನೋ ಮುಚ್ಚಿಟ್ಟುಕೊಂಡಿದ್ದ ಸುಣ್ಣದ ಗೋಡೆಗೆ ಹಾಕಿದ್ದರು.

"ಇನ್ನೊಂದ್ಸಲ ಮುಚ್ಚಿ, ನೋಡೋಣ" ಅಂದರು ಭಾವ.

ಕಿಟಕಿ ಮುಚ್ಚಿದೆವು. ಅವರು ಮತ್ತೆ ಬಂದರು, ಹದಿನಾಲ್ಕು ಜನ, ಇದ್ದಲ್ಲೇ. ಈ ಸಲ ಭಾವ ನಮ್ಮ ಪಕ್ಕದಲ್ಲಿದ್ದರು. ಬಹಳ ಹೊತ್ತು ನೋಡಿದರು. ಆಮೇಲೆ ತಲೆಯಾಡಿಸಿ, "ಹೌದು ಹೌದು, ಅಲ್ಲೊಬ್ಬ, ಇಲ್ಲೊಬ್ಬ" ಎಂದು ಕೈ ತೋರಿಸಿದರು. ಅವರು ತೋರಿಸಿದ ಎರಡೂ ಕಡೆ ಗೋಡೆ ಖಾಲಿ ಇತ್ತು. ಮೇಸ್ತ್ರಿ ನೆಲ ನೋಡಿದ. ಮಾಲೀಕರು ನನ್ನ ಮುಖ ನೋಡಿದರು.

ನಾಲ್ಕೂವರೆಗೆ ಭಾವನ ಜೊತೆ ಮರೀನಾ ಕಡೆ ನಡೆದೆ. ನನ್ನ ಕಚೇರಿಗೆ ಇನ್ನೂ ಸಮಯವಿತ್ತು. ಮರಳಿನ ಮೇಲೆ ಬಿಸಿಲು ಇತ್ತು, ಭಾವ ನನಗಿಂತ ಚುರುಕಾಗಿ ನಡೆಯುತ್ತಿದ್ದರು. ದೂರದ ದೋಣಿಯೊಂದರ ಹಾಯಿಪಟಕ್ಕೆ ತೇಪೆ ಹಾಕಿದ್ದನ್ನು ನನಗೆ ತೋರಿಸಿದರು. ನನಗೆ ತೇಪೆ ಕಾಣಲಿಲ್ಲ.

ಒಂದು ಕಡೆ ಮರಳಿನ ಮೇಲೆ ಕೂತಾಗ, "ಎಷ್ಟು ದಿನದಿಂದ?" ಎಂದು ಕೇಳಿದೆ.

ಅವರು ನಟಿಸಲಿಲ್ಲ. "ಎರಡು ವರ್ಷ ಅಂದ್ಕೋ. ಬೆಳಕಿದ್ರೆ ಎಲ್ಲಾ ಇದೆ. ಬೆಳಕು ಇಳಿದ್ರೆ ಅಂಚಿನಿಂದ ಹೋಗ್ತಾ ಬರುತ್ತೆ. ಕೊನೆಗೆ ಬಲ್ಬು ಮಾತ್ರ ಉಳಿಯುತ್ತೆ. ಅದರ ಕೆಳಗೆ ಏನೂ ಇಲ್ಲ." ಒಂದು ಹಿಡಿ ಮರಳು ತೆಗೆದು ಸುರಿಯುತ್ತ, "ಇವತ್ತು ದೀಪ ಹಾಕಿದ ಕೂಡಲೇ ನೀವೆಲ್ಲ ಸುಮ್ಮನಾಗಿಬಿಟ್ರಿ. ನನ್ನೊಬ್ಬನ್ನೇ ಬಿಟ್ಟು ಹೋದ್ರಿ ಅಂತಲೇ ಅನ್ನಿಸ್ತು. ಆದ್ರೆ ಹಾಲಿನಲ್ಲಿ ಯಾರೋ ಇದ್ದಾರೆ ಅಂತಲೂ ಗೊತ್ತಾಗ್ತಿತ್ತು" ಅಂದರು.

"ಪರೀಕ್ಷೆ?"

"ಪರೀಕ್ಷೆ ಹಗಲು ಹೊತ್ತು ಕಣಯ್ಯ. ದೊಡ್ಡ ಕಿಟಕಿ, ಬಿಳೀ ಚಾರ್ಟು. ಕೊನೇ ಸಾಲನ್ನ ಹಿಂದುಮುಂದಾಗಿ ಓದ್ತೀನಿ. ಬಣ್ಣದ ದಾರ ಕೊಟ್ರೆ ಆರಿಸಿ ಕೊಡ್ತೀನಿ. ನೀನು ಹೇಳದಿದ್ರೆ ಯಾರಿಗೂ ತಿಳಿಯಲ್ಲ."

"ಅಕ್ಕ ಕೇಳ್ತಾಳೆ."

"ಅವಳು ಕೇಳ್ತಾಳೆ" ಎಂದು ಒಪ್ಪಿಕೊಂಡರು. ಎದ್ದು ಮರಳು ಕೊಡವಿಕೊಂಡರು. ಬಿಸಿಲು ಇಳಿಯುವುದರೊಳಗೆ ಬಸ್ಸು ಹಿಡಿಯಬೇಕಿತ್ತು.

ಆ ಭಾನುವಾರ ನಾನು ಪೆರಂಬೂರಿಗೆ ಹೋಗಲಿಲ್ಲ. ಕಚೇರಿಯಲ್ಲಿ ಕೆಲಸ ಜಾಸ್ತಿ ಎಂದು ಅಕ್ಕನ ಮನೆ ಪಕ್ಕದ ಅಂಗಡಿಗೆ ಫೋನು ಮಾಡಿ ಹೇಳಿಕಳಿಸಿದೆ. ಕೆಲಸ ಜಾಸ್ತಿ ಇರಲಿಲ್ಲ. ಅದರ ಬದಲು ಆ ಬೀದಿಯಲ್ಲಿ ವಿಚಾರಿಸಿದೆ. ಇಬ್ಬರು ಮುದುಕರು ಸಿಕ್ಕಿದರು. ಒಬ್ಬರು, ಅದು ಅರ್ಜಿ ಹಿಡಿದು ಬಂದವರು ಕಾಯುತ್ತಿದ್ದ ಹಾಲ್, ಎಷ್ಟೋ ಜನ ವರ್ಷಗಟ್ಟಲೆ ದಿನವೂ ಬಂದು ಕೂತು ಸಂಜೆ ಎದ್ದು ಹೋಗುತ್ತಿದ್ದರು, ಅವರಾದ ಮೇಲೆ ಅವರ ಮಕ್ಕಳು ಬಂದರು ಎಂದರು. ಇನ್ನೊಬ್ಬರು, ಅಂಥದ್ದೇನೂ ಇಲ್ಲ, ಅದು ಪಾಠಶಾಲೆ ಎಂದರು. ಎರಡರಲ್ಲಿ ಯಾವುದನ್ನೂ ಖಚಿತಪಡಿಸಿಕೊಳ್ಳಲು ನನಗೆ ಆಗಲಿಲ್ಲ.

ಕೆಲಸವನ್ನು ಮಾಲೀಕರು ಭಾವನಿಂದ ಕಿತ್ತುಕೊಳ್ಳಲಿಲ್ಲ. "ಶುರು ಮಾಡ್ದವ್ರೇ ಮುಗಿಸ್ಕ್" ಅಂದರು, ಅಷ್ಟೇ. ಮೇಸ್ತ್ರಿ ಮಾತ್ರ ಗೋಡೆಯನ್ನು ಮತ್ತೆ ಕೆರೆಯಲು ಒಪ್ಪಲಿಲ್ಲ. ಎಷ್ಟು ಕೆರೆದರೂ ಬರುತ್ತಾರೆ ಎಂದ. ಕಲೆ ಬರುತ್ತದೆ ಎನ್ನಲಿಲ್ಲ. ಬರುತ್ತಾರೆ ಎಂದೇ ಹೇಳಿದ.

ಹಾಗಾಗಿ ಬೆಳಕನ್ನೇ ಬದಲಿಸಬೇಕಾಯಿತು. ಎರಡನೆಯ ಸಲ ಭಾವ ಲೆಕ್ಕದಿಂದ ಶುರು ಮಾಡಲಿಲ್ಲ. ಕಿಟಕಿ ಮುಚ್ಚಿಸಿ, ಹಳೇ ದೀಪದ ಸಾಲು ಹಾಕಿಸಿ, ಒಂದು ಸ್ಟೂಲಿನ ಮೇಲೆ ಕೂತರು. ನನ್ನನ್ನು ಗೋಡೆಯ ಉದ್ದಕ್ಕೂ ನಡೆಯಲು ಹೇಳಿದರು.

"ಒಬ್ಬೊಬ್ಬರನ್ನೇ ಹೇಳು. ಅಲಂಕಾರ ಬೇಡ."

ಹೇಳಿದೆ. ಒಂದನೆಯವನು, ನೆಲದಿಂದ ತಲೆಯ ತುದಿಗೆ ಮೂರಡಿಗೆ ಸ್ವಲ್ಪ ಕಡಿಮೆ, ಅಂಚು ಸ್ಪಷ್ಟ. ಎರಡನೆಯವನು, ಅಂಚು ಮಸುಕು. ಮೂರನೆಯದರ ಹತ್ತಿರ ಕೈದೀಪ ತಂದೆ. ಪಕ್ಕದಿಂದ ಹಿಡಿದರೆ ಕಪ್ಪಾಗುತ್ತಾನೆ, ಎದುರಿನಿಂದ ಹಿಡಿದರೆ ಕರಗುತ್ತಾನೆ. "ಎಷ್ಟು ದೂರ ಹಿಂದೆ ಬಂದ್ರೆ ಕರಗ್ತಾನೆ?" ಎಂದು ಕೇಳಿದರು. ಹೆಜ್ಜೆ ಅಳೆದು ಹೇಳಿದೆ. ಹದಿನಾಲ್ಕು ಜನರಿಗೂ ಹೀಗೆ ಮಾಡಿದೆವು. ಚಿಕ್ಕ ತಲೆಯ ಹತ್ತಿರ ಬಂದಾಗ ಅದು ಎಷ್ಟು ಎತ್ತರ ಎಂದು ಎರಡು ಸಲ ಕೇಳಿದರು. ಎರಡು ಮಧ್ಯಾಹ್ನ ಹಿಡಿಯಿತು. ಎರಡನೆಯ ದಿನ ನಡುನಡುವೆ ಅವರು ನನ್ನ ಉತ್ತರಕ್ಕೆ ಕಾಯದೆ, "ಈಗ ವಾಲಿಕೊಂಡಿರೋನು ಬರ್ತಾನೆ, ಅಲ್ವಾ?" ಅನ್ನುತ್ತಿದ್ದರು. ಬರುತ್ತಿದ್ದ. ನನ್ನ ಮಾತಿನಿಂದ ಅವರ ತಲೆಯೊಳಗೆ ಆ ಸಾಲು ಪೂರಾ ಕೂತುಬಿಟ್ಟಿತ್ತು. ನನಗಿಂತ ಸ್ಪಷ್ಟವಾಗಿ ಅವರಿಗೆ ಗೊತ್ತಿತ್ತು. ಅವರು ಸ್ಟೂಲಿನ ಮೇಲೆ ಕೂತು ಗೋಡೆಗೆ ಮುಖ ಮಾಡಿರುವುದನ್ನು ನೋಡಿದರೆ ಎದುರೆದುರು ಕೂತು ಮಾತಾಡುವವರ ಹಾಗಿತ್ತು. ಆ ಹೊತ್ತಿನಲ್ಲಿ ನಾನು ನಡುವೆ ಹೋಗಿ ನಿಲ್ಲುತ್ತಿರಲಿಲ್ಲ.

ಹೊಸ ಯೋಜನೆ ಸರಳವಾಗಿತ್ತು. ಗೋಡೆಯಂಚಿನ ಸಾಲು ಪೂರ್ತಿ ತೆಗೆದರು. ಹಾಲ್ ನಡುವಿನ ತೊಲೆಯಿಂದ ಉಜ್ಜಿ ಮಸುಕು ಮಾಡಿದ ಗಾಜಿನ ಬಟ್ಟಲುಗಳನ್ನು ಇಳಿಬಿಟ್ಟರು, ನಾನು ಅಳೆದ ದೂರದಲ್ಲಿ, ಬೆಳಕು ಗೋಡೆಗೆ ಎದುರಿನಿಂದ ಬೀಳುವ ಹಾಗೆ. ಬಲ್ಬು ಕಾಣಬಾರದೆಂಬ ಮಾಲೀಕರ ಆಸೆಯನ್ನು ಗಾಜು ಮುಕ್ಕಾಲು ಪಾಲು ಉಳಿಸಿತು.

ಮತ್ತೆ ಕಿಟಕಿ ಮುಚ್ಚಿ ದೀಪ ಹಾಕಿದಾಗ ಗೋಡೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನೆ ಬೆಳಗಿತು. ಯಾರೂ ಇರಲಿಲ್ಲ. ಮೇಸ್ತ್ರಿ ಕೈಮುಗಿದ. ಯಾರಿಗೆ ಎಂದು ತಿಳಿಯಲಿಲ್ಲ.

"ಹೋದ್ರಾ?" ಎಂದು ಭಾವ ಕೇಳಿದರು.

"ಹೋಯ್ಲಿಲ್ಲೆ" ಅಂದರು ಮಾಲೀಕರು. "ಕಣ್ಣಿಗ್ ಕಾಣ್ತಿಲ್ಲೆ, ಅಷ್ಟೆ."

ಅವರು ಊಟದ ಬೆಂಚುಗಳನ್ನು ಗೋಡೆಗೆ ತಾಗಿಸಿ ಹಾಕಿಸಬೇಕೆಂದಿದ್ದವರು, ಒಂದು ಗೇಣು ಜಾಗ ಬಿಟ್ಟು ಹಾಕಿಸಿದರು. ಹಾಲ್ ತೆರೆದ ಮೇಲೆ ನಾನು ಎಷ್ಟೋ ಸಲ ಅಲ್ಲಿ ಉಂಡಿದ್ದೇನೆ. ಜನ ತುಂಬಿರುತ್ತಿದ್ದರು. ಯಾರೂ ಹಿಂದಕ್ಕೆ ಒರಗಿದ್ದನ್ನು ನೋಡಲಿಲ್ಲ.

ಕಣ್ಣಿನ ಪರೀಕ್ಷೆಯ ದಿನ ಬೆಳಿಗ್ಗೆ ಭಾವ ನನ್ನ ಲಾಡ್ಜಿಗೆ ಬಂದರು. "ಜೊತೆಗೆ ಬಾ" ಅಂದರು. ಯಾಕೆ ಎಂದು ಕೇಳಲಿಲ್ಲ. ಅಕ್ಕನಿಗೆ ನಾನು ಇನ್ನೂ ಏನೂ ಹೇಳಿರಲಿಲ್ಲ. ಪರೀಕ್ಷೆ ಮುಗಿಯುವ ಮೊದಲು ಹೇಳಲೇಬೇಕೆಂದು ದಿನವೂ ತೀರ್ಮಾನಿಸಿ, ದಿನವೂ ಮುಂದೆ ಹಾಕಿದ್ದೆ.

ಭಾವ ಹೇಳಿದ್ದ ಹಾಗೆಯೇ ಇತ್ತು ಕೋಣೆ. ದೊಡ್ಡ ಕಿಟಕಿ, ಬಿಳಿ ಚಾರ್ಟು. ವೈದ್ಯರು ವಯಸ್ಸಾದವರು, ಕಡಿಮೆ ಮಾತಿನವರು. ಭಾವ ಕೊನೆಯ ಸಾಲನ್ನು ಓದಿದರು. ಇನ್ನೊಂದು ಕಣ್ಣಿನಿಂದ ಹಿಂದುಮುಂದಾಗಿ ಓದಿದರು. ಬಣ್ಣದ ದಾರಗಳನ್ನು ತಪ್ಪಿಲ್ಲದೆ ಆರಿಸಿದರು. ವೈದ್ಯರು ಫಾರಮ್ ಎಳೆದುಕೊಂಡು ಲೇಖನಿಯ ಮುಚ್ಚಳ ತೆಗೆದರು. ನಾನು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿದ್ದೆ. ಆಗ ನಾನು ಎದ್ದು ಹೇಳುತ್ತಿದ್ದೆನೋ ಇಲ್ಲವೋ, ಇವತ್ತಿಗೂ ಖಚಿತವಾಗಿ ಬರೆಯಲಾರೆ.

"ಸಾರ್, ಒಂದು ನಿಮಿಷ" ಅಂದರು ಭಾವ. "ಕಿಟಕಿ ಮುಚ್ಚಿಸಿ ನೋಡಿ."

ವೈದ್ಯರು ತಲೆಯೆತ್ತಿದರು. ಆಮೇಲೆ ತಾವೇ ಎದ್ದು ಕಿಟಕಿ ಮುಚ್ಚಿ, ಮೇಜಿನ ಮೇಲಿನ ಸಣ್ಣ ದೀಪ ಹಾಕಿದರು. ನನಗೆ ಕೋಣೆಯ ಎಲ್ಲವೂ ಕಾಣುತ್ತಿತ್ತು: ಕುರ್ಚಿ, ಬೀರು, ಭಾವನ ಮುಂದೆ ಎರಡು ಮೊಳ ದೂರದಲ್ಲಿ ನಿಂತ ವೈದ್ಯರು.

ವೈದ್ಯರು ಸದ್ದಿಲ್ಲದೆ ಕೈ ಚಾಚಿ, ಭಾವನ ಮುಖದ ಪಕ್ಕ ಬೆರಳುಗಳನ್ನು ಅಲ್ಲಾಡಿಸಿದರು. ಭಾವ ದೀಪದ ಕಡೆಗೇ ನೋಡುತ್ತ, ಪರೀಕ್ಷೆ ಶುರುವಾಗಲಿ ಎಂದು ಕಾಯುತ್ತ ನಿಂತಿದ್ದರು.

ಕಿಟಕಿ ತೆರೆದರು. ಫಾರಮ್ ಮೇಲೆ ವೈದ್ಯರು ಬರೆದದ್ದು ಮೂರು ಸಾಲು: ಯಾರ್ಡಿನ ಕೆಲಸಕ್ಕೆ ಅನರ್ಹ, ಟ್ರೇನ್ ಲೈಟಿಂಗ್‌ನಿಂದ ತೆಗೆಯಬೇಕು, ಹಗಲು ಹೊತ್ತಿನ ಡ್ರಾಯಿಂಗ್ ಕಚೇರಿಗೆ ಹಾಕಬಹುದು. ಓದಿ ಹೇಳಿದರು. ಭಾವ "ಸರಿ ಸಾರ್" ಅಂದರು. ದನಿ ಮಾಮೂಲಿನಂತೆಯೇ ಇತ್ತು.

"ಎಷ್ಟು ದಿನದಿಂದ ಹೀಗೆ?" ಎಂದರು ವೈದ್ಯರು.

"ನಾಲ್ಕು ವರ್ಷ."

ನಾನು ತಲೆಯೆತ್ತಿದೆ. ನನಗೆ ಎರಡು ಎಂದಿದ್ದರು.

"ನಾಲ್ಕು ವರ್ಷ ಕತ್ತಲಲ್ಲಿ ಯಾರ್ಡ್ ಹೇಗೆ ದಾಟುತ್ತಿದ್ದಿರಿ?"

"ನಮ್ಮ ವಿಭಾಗದಲ್ಲಿ ಸಾಮಾನು ಹೊರೋಕೆ ಒಬ್ಬ ಖಲಾಸಿ ಇದ್ದ ಸಾರ್. ಅವನಿಗೆ ಗೊತ್ತಿತ್ತು. ಅವನು ಮುಂದೆ ನಡೀತಿದ್ದ, ಜಲ್ಲಿಕಲ್ಲಿನ ಮೇಲೆ ಅವನ ಹೆಜ್ಜೆ ಸದ್ದು ಹಿಡಿದು ನಾನು ಹಿಂದೆ ಹೋಗ್ತಿದ್ದೆ. ಅವನು ನಿಂತ್ರೆ ನಿಲ್ತಿದ್ದೆ."

"ಈಗಲೂ ಅವನೇ ಇದ್ದಾನಾ?"

"ಇಲ್ಲ ಸಾರ್. ಹೋದ ವರ್ಷ ರಿಟೈರಾಗಿ ಊರಿಗೆ ಹೋದ."

"ಆಮೇಲೆ?"

ಭಾವ ಸ್ವಲ್ಪ ಯೋಚಿಸಿದರು. ಕಷ್ಟದ ಪ್ರಶ್ನೆಯ ಮುಂದೆ ನಿಲ್ಲುವ ಹಾಗಲ್ಲ. ಸರಿಯಾಗಿ ಹೇಳಬೇಕೆಂದು ನಿಲ್ಲುವ ಹಾಗೆ.

"ಆಮೇಲೂ ಹೆಜ್ಜೆ ಸದ್ದು ಮುಂದೆ ಇರ್ತಿತ್ತು. ಯಾರದು ಅಂತ ನಾನು ಕೇಳಲಿಲ್ಲ."

ವೈದ್ಯರು ಲೇಖನಿಯನ್ನು ಮತ್ತೆ ಕೈಗೆತ್ತಿಕೊಂಡರು, ಏನನ್ನೂ ಬರೆಯಲಿಲ್ಲ. ನಾವು ಹೊರಗೆ ಬಂದಾಗ ಹನ್ನೊಂದರ ಬಿಸಿಲು. ಭಾವ ಫಾರಮನ್ನು ಮಡಿಸಿ ಅಂಗಿ ಜೇಬಿಗೆ ಹಾಕಿಕೊಂಡು, ಮನೆಗೆ ನಡೆ, ನಿನ್ನಕ್ಕನಿಗೆ ನಾನೇ ಹೇಳ್ತೀನಿ ಅಂದರು. ಹೇಳಿದರು. ಖಲಾಸಿಯ ವಿಷಯ ಬಿಟ್ಟು ಉಳಿದದ್ದನ್ನೆಲ್ಲ ಹೇಳಿದರು. ಅಕ್ಕ ನನ್ನ ಕಡೆ ತಿರುಗಿ, ಇನ್ನೇನಾದರೂ ಉಂಟಾ ಎಂಬಂತೆ ನೋಡಿದಳು. ಇಲ್ಲ ಎಂದೆ.